ಅಳತೆ ಹಲಗೆ

ನೈರೋಬಿಯ ವಿಭಾಗದಲ್ಲಿ ನನಗೆ ಕೊಟ್ಟಿದ್ದು ಪೈನ್ ಮರದ್ದು.
ತಲೆಗೊಂದು ಅಡ್ಡಪಟ್ಟಿ, ಪಾದಕ್ಕೊಂದು ಜಾರುಪಟ್ಟಿ,
ಅಂಚಿನಲ್ಲಿ ಮಿಲಿಮೀಟರಿನ ಗೆರೆಗಳು, ಇರುವೆ ಸಾಲಿನ ಹಾಗೆ.
ಎರಡು ವರ್ಷ ತುಂಬದ ಮಗುವನ್ನು ಮಲಗಿಸಿಯೇ ಅಳೆಯಬೇಕು.
ಒಬ್ಬರು ತಲೆ ಹಿಡಿಯಬೇಕು, ಒಬ್ಬರು ಮಂಡಿ ಒತ್ತಬೇಕು,
ಮಗು ಕಿರುಚಿಕೊಳ್ಳಬೇಕು.
ಕೊನೆಯದು ಕೈಪಿಡಿಯಲ್ಲಿಲ್ಲ.

ಹೋಮಾ ಬೇ ದಾಟಿ ಮೋಟರ್‌ಬೈಕಿನಲ್ಲಿ ಹೋಗುವಾಗ
ಅದನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದೆ. ಸರೋವರದ ಗಾಳಿಗೆ
ಗಾಳಿಪಟದ ಹಾಗೆ ನನ್ನನ್ನೇ ಎಳೆಯುತ್ತಿತ್ತು.
ಮುಂದೆ ರಿಸ್ಪರ್, ಈ ದಂಡೆಯವಳು,
ನನಗೆ ಬಾರದ ಲುವೊ ಭಾಷೆಗೆ ನನ್ನ ನಾಲಿಗೆ.
ನಾನು ಗುಡ್ಡದ ಕಡೆಯವಳು, ಚಹಾತೋಟದ ಚಳಿಯವಳು.
ಮೀನಿನ ವಾಸನೆಗೆ ಮೂಗು ಒಗ್ಗಲು ಎರಡು ತಿಂಗಳು ಹಿಡಿಯಿತು.

ಹದಿನಾಲ್ಕನೆಯ ಮನೆ.
ಬಲೆ ಹಾಸಿ ಒಮೆನಾ ಮೀನು ಒಣಹಾಕಿದ್ದರು, ಅಂಗಳವೆಲ್ಲ ಬೆಳ್ಳಿ ಚೂರು.
ಕೋಳಿ ಓಡಿಸುತ್ತ ಕೂತವಳು ಕಾನ್ಸೊಲಾಟಾ. ಸೊಂಟದಲ್ಲಿ ಮಗು.
ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು:
ನೀರು ಎಲ್ಲಿಂದ, ಸೂರು ಯಾವುದರದು, ನಿನ್ನೆ ಮಗು ಏನು ತಿಂದಿತು,
ಕತೆ ಹೇಳುತ್ತೀರಾ, ಹಾಡುತ್ತೀರಾ, ಹೊಡೆಯುತ್ತೀರಾ.
"ನೀವು ಹೊಡೀತೀರಾ?" ಅಂತ ತಿರುಗಿಸಿ ಕೇಳಿದಳು. ಮೂವರೂ ನಕ್ಕೆವು.
ಬದುಕಿರುವ ಮಕ್ಕಳೆಷ್ಟು? ಒಂದು.
ಹೆಸರು? ಅಕೆಲೊ.
ಬರೆದುಕೊಂಡೆ. ಕಾಗುಣಿತ ಸರಿಯೇ ಎಂದೂ ಕೇಳಿದೆ.

ಆಮೇಲೆ ಬೆನ್ನಿನ ಗಂಟು ಬಿಚ್ಚಿ ಹಲಗೆಯನ್ನು ನೆಲಕ್ಕಿಟ್ಟೆ.
ಅವಳು ಎದ್ದಳು.
ಲೆಸೊ ಬಟ್ಟೆಯಲ್ಲಿ ಮಗುವಿನ ಮುಖ ಮುಚ್ಚಿ ಒಳಹೋದಳು.
ಅಗುಳಿ ಬಿದ್ದ ಸದ್ದು.
ಗಡಿಯಾರ ನೋಡಿಕೊಂಡೆ. ಬರೆದೆ: ತೊಂಬತ್ತೇಳು.
ತೊಂಬತ್ತೇಳು ಎಂದರೆ ಒಪ್ಪಲಿಲ್ಲ.
ಯಾಕೆ ಎನ್ನುವುದಕ್ಕೆ ನಮ್ಮ ಹಾಳೆಯಲ್ಲಿ ಮನೆಯಿಲ್ಲ.

ದಾರಿಯಲ್ಲಿ ರಿಸ್ಪರ್ ಗಾಡಿ ನಿಲ್ಲಿಸಿದಳು,
ಬಡಗಿ ಒಚೊಲಾನ ತಗಡಿನ ಶೆಡ್ಡಿನ ಮುಂದೆ.
ಗೋಡೆಗೆ ಒರಗಿದ್ದ ಹಸಿ ಹಲಗೆಗಳು, ನನ್ನ ಬೆನ್ನಿನದರಷ್ಟೇ ಉದ್ದ.
"ಅಕೆಲೊ ಬರೀ ಹೆಸರಲ್ಲ," ಅಂದಳು,
"ಅವಳಿಯ ಬೆನ್ನಿಗೆ ಹುಟ್ಟಿದವಳು ಅಂತ.
ಇವನೇ ಮಾಡಿಕೊಟ್ಟಿದ್ದು, ಎರಡು, ಒಂದೇ ವಾರದಲ್ಲಿ.
ದುಡ್ಡು ಮುಟ್ಟಲಿಲ್ಲ."
ನನ್ನ ಕೈಯಾರೆ ಬರೆದಿದ್ದೆ ಆ ಮೂರು ಅಕ್ಷರ.
ಮನೆ ತುಂಬ ಮಕ್ಕಳಿದ್ದವು ಅದರೊಳಗೆ.

ಒಚೊಲಾ ನನ್ನ ಹಲಗೆಯನ್ನು ಹೆಬ್ಬೆರಳಲ್ಲಿ ಸವರಿದ.
ಕೀಲು ಚೆನ್ನಾಗಿ ಕೂತಿದೆ, ಅಂದ.
ಮುಚ್ಚಳ ಎಲ್ಲಿ ಎಂದು ಕೇಳಲಿಲ್ಲ.

ಮೂರು ವಾರ ಬಿಟ್ಟು ಮತ್ತೆ ಹೋದೆ, ಬರಿಬೆನ್ನಲ್ಲಿ.
ಹಾಳೆಯನ್ನೂ ಚೀಲದಿಂದ ತೆಗೆಯಲಿಲ್ಲ.
ಒಮೆನಾ ತಿರುವಿ ಹಾಕಿದೆ, ಕೋಳಿ ಓಡಿಸಿದೆ,
ಕೈಗೆ ಮೆತ್ತಿದ ಹುರುಪೆ ಸಂಜೆಯವರೆಗೂ ಹೊಳೆಯಿತು.
ಸರೋವರದ ಮೇಲೆ ದೋಣಿಗಳ ದೀಪ ಒಂದೊಂದಾಗಿ ಹತ್ತುವ ಹೊತ್ತಿಗೆ
ಅವಳೇ ಅಂದಳು: ಅಪಿಯೊ ಮೊದಲು ಬಂದವಳು, ಅದೊಂಗೊ ಹಿಂದೆ.
ಹೋಗುವಾಗಲೂ ಅದೇ ಸಾಲಿನಲ್ಲಿ.
ರಿಸ್ಪರ್ ಅನುವಾದಿಸಲು ಬಾಯಿ ತೆರೆದಳು, ಸುಮ್ಮನಾದಳು.

ಮಗು ಅವಳ ತೊಡೆಯ ಮೇಲೆ ಉದ್ದಕ್ಕೆ ನಿದ್ದೆ ಹೋಗಿತ್ತು.
ಹಿಮ್ಮಡಿಯಿಂದ ಶುರುಮಾಡಿ ನೆತ್ತಿಯವರೆಗೆ ಗೇಣು ಹಾಕಿದಳು,
ಎಚ್ಚರವಾಗದ ಹಾಗೆ, ರೂಢಿಯ ಕೈಯಲ್ಲಿ.
"ನಾಲ್ಕು ಗೇಣು, ಮೇಲೆ ಎರಡು ಬೆರಳು," ಅಂದಳು.
"ಮೀನಿನ ಸಂತೆಯ ದಿನ ಒಂದೂವರೆ ಬೆರಳಿತ್ತು."
ಹಾಗಾದರೆ ದಿನಾ ಅಳೆಯುತ್ತಿದ್ದಳು,
ನಮಗಿಂತ ಮೊದಲೇ, ಯಾರೂ ಕೇಳದೆ.

ಪ್ರಬಂಧ ಅಚ್ಚಾಯಿತು. ಸರಾಸರಿ, ವ್ಯತ್ಯಾಸ, ನಕ್ಷೆ.
ನಾಲ್ಕನೆಯ ಕೋಷ್ಟಕದ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು:
ನಲವತ್ತೊಂದು ಮಕ್ಕಳ ಅಳತೆ ಲಭ್ಯವಿಲ್ಲ.
ಅದರಲ್ಲೊಂದು ನನಗೆ ಗೊತ್ತು.
ಆದರೆ ಗೇಣು ನನ್ನದಲ್ಲ.